ಮಹಡಿ ಮೇಲಿನ ದನದ ಡಾಕ್ಟರು

ನಮ್ಮ ಮಹಡಿ ಮೇಲೆ ಬಾಡಿಗೆಗಿರುವ ಹುಡುಗನಷ್ಟು ಅಕ್ಕರೆಯ ಕನ್ನಡ ಮಾತಾಡುವವರು ಇಡೀ ಸಹಕಾರನಗರದಲ್ಲಿ ಇಲ್ಲ. ಆದರೆ ಅದನ್ನು ಕೇಳಬೇಕಾದರೆ ನೀವು ಹಸುವಾಗಿರಬೇಕು! ಮನುಷ್ಯರೊಡನೆ ಅವನದು ಇಂಗ್ಲಿಷೇ.

ಅವನು ದಕ್ಷಿಣ ಸುಡಾನಿನವನು. ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿಯೇ ಬರಬೇಕು, ಅಷ್ಟೆತ್ತರ. ಇಲ್ಲಿಯ ಕಾಲೇಜಿನಲ್ಲಿ ದನದ ಡಾಕ್ಟರಿಕೆ ಓದಲು ಬಂದವನು. ಓದು ಮುಗಿಸಿ ಊರಿಗೆ ಹೋಗಬೇಕು, ಅಪ್ಪನ ಕೊಟ್ಟಿಗೆಯ ಪಕ್ಕದಲ್ಲೇ ಆಸ್ಪತ್ರೆ ತೆರೆಯಬೇಕು, ಅಪ್ಪನ ಬಿಳಿ ಹಸುವೇ ಮೊದಲ ರೋಗಿಯಾಗಬೇಕು. ಅದಕ್ಕೆ ಕಾಯಿಲೆಯೇ ಇಲ್ಲವಲ್ಲ ಎಂದರೆ, ಆಗ ನೋಡಿಕೊಳ್ಳೋಣ ಎನ್ನುತ್ತಿದ್ದ.

ಬಿಡುವಿದ್ದಾಗಲೆಲ್ಲ ಬ್ಯಾಟರಾಯನಪುರದ ಮುನಿಯಮ್ಮಜ್ಜಿಯ ಕೊಟ್ಟಿಗೆಗೆ ಹೋಗಿ ಕೈ ಪಳಗಿಸಿಕೊಂಡ. ಅಜ್ಜಿ ಹಸುವಿನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, "ಅಳ್ಳಾಡ್ಬ್ಯಾಡ ಕಣವ್ವ" ಎಂದೇ ಹಾಲು ಕರೆಯಲು ಕೂರುವುದು. ಇದೂ ವೈದ್ಯಶಾಸ್ತ್ರವೇ ಎಂದುಕೊಂಡ ಪುಣ್ಯಾತ್ಮ! ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹಸುವಿನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡನಂತೆ. ಪರೀಕ್ಷಕರು ಇದೇನೆಂದು ಕೇಳಿದರೆ, "ಫಸ್ಟ್ ಸ್ಟೆಪ್, ಸರ್" ಅಂದನಂತೆ. ಅವರೂ ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಂಡರಂತೆ. ಇನ್ನೇನು ಮಾಡಿಯಾರು?

ಒಂದು ದಿನ ಮೆಟ್ಟಿಲ ಮೇಲೆ ನನ್ನ ಹೆಂಡತಿ ಅವನಿಗೆ ಎದುರಾದಳು. "ಆಕಡೀಕ್ ಚೂರು ಸರ್ಕಳವ್ವ" ಎಂದುಬಿಟ್ಟ. ಅಜ್ಜಿಯ ಹಸುವಿನ ಹಾಗೆಯೇ ಅವಳೂ ಸರಿದಳು. ನನ್ನ ಮಾತಿಗೆ ಅವಳು ಸರಿದದ್ದನ್ನು ನಾನಂತೂ ಕಂಡಿಲ್ಲ!

ಅವನಿಗಿದ್ದ ಚಿಂತೆ ಒಂದೇ. ಊರಿನ ಹಸುವಿಗೆ ಕನ್ನಡ ಬರುವುದಿಲ್ಲವಲ್ಲ! ಭಾನುವಾರ ವಿಡಿಯೋ ಕಾಲ್ ಮಾಡಿ, ಅಪ್ಪನಿಂದ ಫೋನನ್ನು ಬಿಳಿ ಹಸುವಿನ ಕಿವಿಗೆ ಹಿಡಿಸಿ, ಟೆರೇಸಿನಲ್ಲಿ ನಿಂತು "ಅಳ್ಳಾಡ್ಬ್ಯಾಡ ಕಣವ್ವ" ಎಂದು ಪಾಠ ಮಾಡುತ್ತಿದ್ದ. ಕೆಳಗೆ ಕುಳಿತು ನಾವು ನಗುತ್ತಿದ್ದೆವು. ಆ ಕಡೆಯಿಂದ ಅವರಪ್ಪನ ನಗುವೂ ಕೇಳಿಸುತ್ತಿತ್ತು.

ಒಂದು ಭಾನುವಾರ ಕಾಲ್ ಹೋಗಲಿಲ್ಲ. ಮುಂದಿನ ವಾರವೂ ಹೋಗಲಿಲ್ಲ. ಅವನ ಸೀಮೆಯಲ್ಲಿ ಹೊಡೆದಾಟ ಹೊತ್ತಿಕೊಂಡಿತ್ತು. ಕೊನೆಗೆ ಗಡಿಯಾಚೆಯ ನಿರಾಶ್ರಿತರ ಶಿಬಿರದಿಂದ ಅವನ ತಂಗಿ ಫೋನ್ ಮಾಡಿದಳು. ಊರು ಸುಟ್ಟುಹೋಗಿತ್ತು. ದನಗಳನ್ನು ಬಿಟ್ಟು ಬರಲು ಒಪ್ಪದೆ ಹಿಂದೆ ಉಳಿದ ಅಪ್ಪ ಸತ್ತಿದ್ದರು. ಇದನ್ನೆಲ್ಲ ಅವನು ನಮಗೆ ಇಂಗ್ಲಿಷಿನಲ್ಲಿ, ಪಾಠ ಒಪ್ಪಿಸುವವನ ಹಾಗೆ ಹೇಳಿದ. ನನ್ನ ಹೆಂಡತಿ ತಟ್ಟೆ ಹಾಕಿ ಅನ್ನ ಬಡಿಸಿದಳು. ಅವನು ಕೈ ಹಾಕಲಿಲ್ಲ.

ಆಮೇಲೆ ರಿಸಲ್ಟ್ ಬಂತು. ಪಾಸಾಗಿದ್ದ. ಮುನಿಯಮ್ಮಜ್ಜಿಗೆ ತಿಳಿಸಲು ಹೊರಟವನು ನನ್ನನ್ನೂ ಜೊತೆಗೆ ಕರೆದ. ಅಜ್ಜಿಗೆ ಊರಿನ ಸುದ್ದಿ ಗೊತ್ತಿರಲಿಲ್ಲ.

"ಇನ್ನೇನು, ಊರ್ಗೆ ಒಂಟೋಯ್ತೀಯೇನಪ್ಪ?" ಎಂದಳು.

ಅವನು ಹಸುವಿನ ಬಳಿ ಹೋದ. ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಅದರ ಕಿವಿಯ ಹತ್ತಿರ ಬಗ್ಗಿ, ಮೊದಲ ಸಲ, ತನ್ನ ಭಾಷೆಯಲ್ಲಿ ಮಾತಾಡತೊಡಗಿದ. ಬಹಳ ಹೊತ್ತು ಮಾತಾಡಿದ. ಅಜ್ಜಿಗಾಗಲಿ ನನಗಾಗಲಿ ಒಂದು ಪದವೂ ಅರ್ಥವಾಗಲಿಲ್ಲ. ಹಸು ಅಲ್ಲಾಡದೆ ನಿಂತಿತ್ತು.