ಗಂಜಾಂ ಹೋಟೆಲನ್ನು ಅಮಾವಾಸ್ಯೆಯಂದೇ ತೋರಿಸಿದವರಿಗೆ

ದೇವಲಾಪುರದ ಮಾನ್ಯ ಹೊನ್ನಪ್ಪನವರೇ,

ಮದುವೆಯಾಗಿ ಐದೇ ತಿಂಗಳಾದ ನಾನು, ನನ್ನ ಶಶಾಂಕ್ ಮತ್ತು ತಾವು ನಮಗೆ ಮಾರಿದ ಗಂಜಾಮಿನ ಟಿಫಿನ್ ಹೋಟೆಲಿನ ಹದಿನಾರು ಖಾಲಿ ಕುರ್ಚಿಗಳು, ಎಲ್ಲರೂ ಸೇರಿ ತಮಗೆ ಸಲ್ಲಿಸುವ ಹೃತ್ಪೂರ್ವಕ ನಮಸ್ಕಾರಗಳು.

ಎಂಥ ಅದ್ಭುತ ದಿನಗಳನ್ನು ಆರಿಸಿ ನಮ್ಮನ್ನು ಕರೆದಿರಿ! ನೋಡಲು ಬಂದ ಎರಡು ಸಲವೂ ಇಡ್ಲಿಗೆ ಜನ ಬೀದಿಯವರೆಗೆ ನಿಂತಿದ್ದರು. "ದಿನಾ ಇಂಗೇ ಕಣವ್ವ, ಉಸ್ರಾಡಕ್ಕೂ ಪುರುಸೊತ್ತಿಲ್ಲ" ಎಂದು ತಾವು ಬೆವರು ಒರೆಸಿಕೊಂಡಾಗ ನನಗೆ ಅಯ್ಯೋ ಪಾಪ ಎನ್ನಿಸಿತ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ತಾರೀಖು ಗೊತ್ತು, ತಿಥಿ ಗೊತ್ತಿಲ್ಲ. ಅತ್ತೆ ನಿಂಗಮ್ಮನವರನ್ನು ಕೇಳಿದ್ದರೆ ಆಗಲೇ ಹೇಳಿಬಿಡುತ್ತಿದ್ದರು. ನಾವೋ ಅವರಿಗೆ ಸರ್‌ಪ್ರೈಸ್ ಕೊಡುವ ಸಂಭ್ರಮದಲ್ಲಿದ್ದೆವು! ಎರಡೂ ದಿನದ ಆ ಜನವೆಲ್ಲ ಅಮಾವಾಸ್ಯೆಗೆಂದು ಪಕ್ಕದ ಗುಡಿಯ ನಿಮಿಷಾಂಬೆಯ ದರ್ಶನಕ್ಕೆ ಬಂದವರು ಎಂಬುದು ಕೊಂಡ ಮೇಲೆ ತಿಳಿಯಿತು. ಉಳಿದ ದಿನಗಳಲ್ಲಿ ನಮ್ಮ ಇಡ್ಲಿಯನ್ನು ನಾವಿಬ್ಬರೇ ತಿಂದು, ಒಬ್ಬರನ್ನೊಬ್ಬರು ಹೊಗಳಿಕೊಂಡು ಬಾಗಿಲು ಹಾಕುತ್ತೇವೆ.

ಕೆ.ಆರ್. ಪೇಟೆಯಲ್ಲಿ ಅಕ್ಕಸಾಲಿಯಾಗಿರುವ ನನ್ನ ಮಾವ ತಮ್ಮ ಕೈಯಾರೆ ಮಾಡಿ ತೊಡಿಸಿದ ಬಳೆಗಳನ್ನು ಅಡವಿಟ್ಟು ನಾವು ತಮಗೆ ಹಣ ಕೊಟ್ಟೆವು. ಅವು ಹರಾಜಿಗೆ ಹೋಗುವ ಮೊದಲು ನನ್ನ ಕೈಗೆ ಬರಬೇಕು. ಆದ್ದರಿಂದ ದಯವಿಟ್ಟು ಹಣ ಹಿಂತಿರುಗಿಸಿ, ಇಲ್ಲವೇ ತಿಂಗಳಿಗೆ ಮೂವತ್ತು ಅಮಾವಾಸ್ಯೆಗಳ ಏರ್ಪಾಡು ಮಾಡಿಕೊಡಿ. ಚಂದ್ರನಿಗೆ ತೊಂದರೆಯಾದರೆ ಇಪ್ಪತ್ತೈದಾದರೂ ಸಾಕು.

ಪಾಂಡವಪುರದ ನಮ್ಮ ವಕೀಲೆ ತನುಶ್ರೀ ಮೇಡಂ ಹೇಳುವಂತೆ, ಸುಳ್ಳು ಹೇಳಿ ಮಾಡಿಸಿದ ಒಪ್ಪಂದವನ್ನು ಕೊಂಡವರು ರದ್ದು ಮಾಡಿಸಿ, ಹಣದ ಜೊತೆಗೆ ನಷ್ಟಪರಿಹಾರವನ್ನೂ ಕೇಳಬಹುದಂತೆ. ಅವರ ನೋಟಿಸಿಗೆ ತಾವು ಕೊಟ್ಟ ಉತ್ತರವಂತೂ ಎಷ್ಟು ಮುಗ್ಧ! "ದಿನವೂ ಹೀಗೇ ಎಂದು ನಾನು ಹೇಳಿಲ್ಲ, ಅಂದು ಅಮಾವಾಸ್ಯೆ ಎಂಬುದು ನನಗೂ ತಿಳಿದಿರಲಿಲ್ಲ."

ತಮ್ಮ ಮರೆವಿಗೆ ಒಂದು ಸಣ್ಣ ಸಹಾಯ ಮಾಡಲೇ? ಎರಡನೆಯ ಸಲ ನೋಡಿದ ಸಂಜೆಯೇ ಕರಾರಿಗೆ ಸಹಿ ಹಾಕೋಣವೆಂದು ನಾನು ಹಟ ಹಿಡಿದಾಗ ತಾವು ಕಳಿಸಿದ ವಾಯ್ಸ್ ಮೆಸೇಜ್ ನನ್ನ ಮೊಬೈಲಿನಲ್ಲಿ ಇನ್ನೂ ಹಾಗೆಯೇ ಇದೆ: "ಇವತ್ತು ಬ್ಯಾಡ ಕಣವ್ವ, ಅಮಾಸೆ. ಒಳ್ಳೇ ಕೆಲ್ಸ ಮಾಡ್ಬಾರ್ದು. ದಿನಾ ಇಂಗೇ ಯಾಪಾರ ಐತಲ್ಲ, ಎಲ್ಗೋದದು? ನಾಡಿದ್ದು ಸೈನ್ ಹಾಕ್ಮ." ಅಮಾವಾಸ್ಯೆಗೂ ಆ ಜನಕ್ಕೂ ಇರುವ ನಂಟು ತಿಳಿಯದ ನಾನು ಅಂದು ಅದನ್ನು ಕೇಳಿ, ಎಂಥ ಆಚಾರವಂತರು ಎಂದು ಶಶಾಂಕ್‌ಗೆ ಹೇಳಿ ಕಣ್ಣು ತುಂಬಿಕೊಂಡಿದ್ದೆ. ತನುಶ್ರೀ ಮೇಡಂ ಮೂರು ಸಲ ಕೇಳಿ ನಮಗೆ ಕಾಫಿ ತರಿಸಿದರು.

ತಮ್ಮ ಒಂದೊಂದು ಮಾತನ್ನೂ ಜೋಪಾನವಾಗಿಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ಕೀರ್ತನ ಶಶಾಂಕ್

ತಾ.ಕ.: ಹಣ ತಂದು ರದ್ದುಪತ್ರಕ್ಕೆ ಸಹಿ ಹಾಕಲು ತಮಗೆ ಶುಭವೆನಿಸಿದ ದಿನವೇ ಬನ್ನಿ. ಬಾರದಿದ್ದರೆ ಕೋರ್ಟಿನವರು ದಿನ ಗೊತ್ತುಮಾಡುತ್ತಾರೆ. ಅವರು ಪಂಚಾಂಗ ನೋಡುವುದಿಲ್ಲವಂತೆ.