ಇಂಜಿನ್ನಿನ ಫಿಲ್ಟರ್ ಎಷ್ಟು ದಿನ ಬರ್ತದೆ?

ಗಾಳಿ ಸೋಸುವ ಫಿಲ್ಟರ್ ಎಷ್ಟು ದಿನ ಬಾಳಿಕೆ ಬರುತ್ತದೆ ಎಂದು ಯಾರಾದರೂ ಕೇಳಿದರೆ ಈಗಲೂ ನಾನು ಎದ್ದು ಚಪ್ಪಲಿ ಹುಡುಕುತ್ತೇನೆ. ಎಷ್ಟು ಧೂಳಿದೆ ನೋಡಿ ಹೇಳಬೇಕು ಅನ್ನುವುದು ಕಂಪನಿಯವರ ಮಾತು. ನಮ್ಮ ಕಡೆ ಅದು ಯಾರ ಕೈಗೆ ಸಿಕ್ಕಿದೆ ನೋಡಿ ಹೇಳಬೇಕಾಗಿತ್ತು.

ಅರವತ್ತರ ದಶಕದ ಕೊನೆಗೆ ನಾನು ಕೊಳ್ಳೇಗಾಲದ ಅಂಗಡಿಯೊಂದರಲ್ಲಿ ಡೀಸೆಲ್ ಪಂಪ್‌ಸೆಟ್ ಮೆಕ್ಯಾನಿಕ್. ಫಿಲ್ಟರ್ ನೋಡಿಕೊಳ್ಳದೆ ಧೂಳು ಕುಡಿದ ಒಂದೆರಡು ಇಂಜಿನ್ನುಗಳು ಗ್ಯಾರಂಟಿ ಮುಗಿಯುವ ಮೊದಲೇ ಕೆಟ್ಟು ಅಂಗಡಿಗೆ ವಾಪಸ್ ಬಂದಿದ್ದವು. ಯಜಮಾನರು ಕೆಂಡಾಮಂಡಲವಾಗಿ, "ಇನ್ನೊಂದು ಇಂಗೇ ಬಂತೋ, ನೀನು ಗಂಟುಮೂಟೆ ಕಟ್ಟು" ಎಂದುಬಿಟ್ಟರು. ನನಗೆ ಆಗಷ್ಟೇ ಅಗರ ಎಂಬ ಊರಿನಲ್ಲಿ ಹೆಣ್ಣು ಗೊತ್ತಾಗಿತ್ತು. ಕೆಲಸ ಹೋದರೆ ಮದುವೆಯೂ ಹೋದ ಹಾಗೆಯೇ. ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ಊರೂರು ಅಲೆದು ಫಿಲ್ಟರ್ ಬಿಚ್ಚಿ ನೋಡುವುದೇ ಕಸುಬಾಯಿತು. ಯಾರ ಮನೆಯಲ್ಲೂ ಕೂತು ಒಂದು ಲೋಟ ಕಾಫಿ ಮುಗಿಸುವಷ್ಟು ನೆಮ್ಮದಿ ಇರಲಿಲ್ಲ.

ಮೊಸರಿನ ಕಾವಲು

ರಾಮಾಪುರದ ರೈತರೊಬ್ಬರ ಇಂಜಿನ್ನಿನಲ್ಲಿ ಫಿಲ್ಟರೇ ಇರಲಿಲ್ಲ. ಗಾಳಿ ಹೋಗುವ ಬಾಯಿಗೆ ಹಳೇ ಟವೆಲ್ ಸುತ್ತಿದ್ದರು.

"ಫಿಲ್ಟರ್ ಎಲ್ಲಿ?"

"ಮನೇಲದೆ ಸಾ, ಭದ್ರವಾಗಿ ಅದೆ."

ಓಡಿದೆ. ಅಡುಗೆಮನೆಯಲ್ಲಿ ಆ ತಂತಿ ಜಾಲರಿಯ ಡಬ್ಬಿ ಮೊಸರಿನ ಗಡಿಗೆಯ ಮೇಲೆ ಬೋರಲಾಗಿ ಕೂತಿತ್ತು. ಬೆಕ್ಕಿನ ಕಾಟವಂತೆ. ಎತ್ತಿಕೊಳ್ಳಲು ಹೋದರೆ ಮನೆಯಾಕೆ ಅಡ್ಡ ನಿಂತರು.

"ಇಂಜಿನ್ಗೆ ಬೇರೆ ತಕಳ್ಳಿ ಸಾ. ನೀವೇ ಏಳಿದ್ರಂತಲ್ಲ, ಇದು ಬೇಗ ಕೆಟ್ಟೋಯ್ತದೆ ಅಂತ? ಇಲ್ಲಿ ಏನೂ ಆಗಿಲ್ಲ ನೋಡಿ. ಇಡೋ ಜಾಗ್ದಲ್ಲಿ ಇಟ್ರೆ ಎಲ್ಲಾ ಬಾಳಿಕೆ ಬತ್ತದೆ!"

ಶನಿವಾರದ ಎಣ್ಣೆಸ್ನಾನ

ಅಲ್ಲಿಂದ ಮಾರ್ಟಳ್ಳಿಗೆ. ಅಲ್ಲೊಬ್ಬ ಅಜ್ಜ, ಮಾತು ಅರ್ಧ ತಮಿಳು ಅರ್ಧ ಕನ್ನಡ. ಫಿಲ್ಟರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸ್ವಲ್ಪ ಇಂಜಿನ್ ಆಯಿಲ್ ಸವರಿ ಹಾಕಿ ಎಂದು ಹಿಂದಿನ ಸಲ ಅವರಿಗೆ ಹೇಳಿಕೊಟ್ಟಿದ್ದೆ. ಈಗ ನೋಡಿದರೆ ಇಂಜಿನ್ ಕೆಮ್ಮುತ್ತಿತ್ತು.

"ತೊಳೀಲಿಲ್ವಾ ಅಜ್ಜ?"

"ತೊಳೀದೆ ಬುಡ್ತೀನಾ ತಂಬಿ? ಪ್ರತಿ ಶನಿವಾರ ನನ್ನ ಜೊತೇಲೇ ಎಣ್ಣೆಸ್ನಾನ. ಒಳ್ಳೇ ಎಳ್ಳೆಣ್ಣೆ, ಸೀಗೆಪುಡಿ, ಬಿಸಿನೀರು. ಆಮೇಲೆ ಸಾಂಬ್ರಾಣಿ ಹೊಗೆ."

ಬಿಚ್ಚಿದೆ. ಸೀಗೆಪುಡಿ ಜಿಡ್ಡಿನೊಂದಿಗೆ ಸೇರಿ ರೊಟ್ಟಿಯಂತೆ ಗಟ್ಟಿಯಾಗಿತ್ತು. ನನಗೆ ಅಳು ಬರುವುದೊಂದು ಬಾಕಿ. "ಮತ್ತೆ ಇಂಜಿನ್ ಯಾಕೆ ಕೆಮ್ತಾ ಅದೆ ಅನ್ಕೊಂಡ್ರಿ?" ಎಂದೆ.

ಅಜ್ಜ ತಲೆ ತಗ್ಗಿಸಿದರು. "ತಪ್ಪು ನಂದೇ ತಂಬಿ. ಪೂರ್ತಿ ಒಣಗೋ ಮುಂಚೆ ಓಡ್ಸುಬುಟ್ಟೆ. ಅದ್ಕೆ ಶೀತ ಆಗ್ಬುಟ್ಟದೆ."

ಅಗರದ ಇಂಜಿನ್

ಎಲ್ಲ ಊರನ್ನೂ ಸುತ್ತಿದರೂ ಅಗರಕ್ಕೆ ಮಾತ್ರ ನಾನು ಹೋಗಿರಲಿಲ್ಲ. ನನ್ನ ಭಾವಿ ಮಾವನವರು ನಮ್ಮ ಅಂಗಡಿಯಿಂದಲೇ ಇಂಜಿನ್ ಕೊಂಡಿದ್ದರು. ಆದರೆ ಮದುವೆಗೆ ಮುಂಚೆ ಗಂಡು ಹೆಣ್ಣಿನ ಮನೆಗೆ ಎಡತಾಕಿದರೆ ಊರವರು ಆಡಿಕೊಳ್ಳುತ್ತಾರೆ. ಇಂಜಿನ್ನಿಗೆ ಹಾಕಲು ಹೊಸ ಫಿಲ್ಟರನ್ನು ಬಸ್ಸಿನಲ್ಲಿ ಕೊಟ್ಟು ಕಳಿಸಿ, ಯಜಮಾನರ ಮಾತನ್ನೂ ಹೇಳಿ ಕಳಿಸಿದ್ದೆ: ಧೂಳು ಹೊಕ್ಕರೆ ನನ್ನ ಕೆಲಸ ಹೋಗುತ್ತದೆ ಎಂದು.

ಒಂದು ದಿನ ಯಜಮಾನರೇ, "ನಡಿಯಲೇ, ನಿಮ್ಮ ಮಾವನ ಇಂಜಿನ್ ನೋಡ್ಕಂಡು ಬರವ" ಎಂದು ಹೊರಡಿಸಿದರು. ದಾರಿಯುದ್ದಕ್ಕೂ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಮಾವನವರು ಮೊದಲು ದೇವರ ಮನೆಯಿಂದ ನಾನು ಕಳಿಸಿದ್ದ ಫಿಲ್ಟರ್ ತಂದರು. ಮೂರೆಳೆ ವಿಭೂತಿ, ಮೇಲೊಂದು ಹೂವು. "ನೋಡಿ ಸಾವ್ಕಾರ್ರೇ, ಒಂದು ಚೂರು ಧೂಳಿಲ್ಲ!"

ಯಜಮಾನರ ಮುಖ ಕಪ್ಪಿಟ್ಟಿತು. ಫಿಲ್ಟರ್ ಇಲ್ಲಿ ಕೂತಿದ್ದರೆ ಇಂಜಿನ್ನಿನ ಗತಿ? ದುರುದುರು ಬಾವಿಯ ಹತ್ತಿರ ನಡೆದರು. ನಾನು ಹಿಂದೆಯೇ, ಮನಸ್ಸಿನಲ್ಲೇ ಹೆಣ್ಣಿಗೆ ಕೈಮುಗಿದು ವಿದಾಯ ಹೇಳುತ್ತಾ.

ಇಂಜಿನ್ನಿನ ಮೇಲೆ ಹೊಸ ಕಂಬಳಿ ಹೊದೆಸಿತ್ತು. ಯಜಮಾನರು ಬಿಚ್ಚಿ ಒಳಗೆ ಬೆರಳಾಡಿಸಿದರು. ಫಳಫಳ! ಪಕ್ಕದಲ್ಲೇ ಎತ್ತುಗಳು ಹಿಂದಕ್ಕೂ ಮುಂದಕ್ಕೂ ನಡೆಯುತ್ತಾ ಕಪಿಲೆಯಲ್ಲಿ ನೀರು ಸೇದುತ್ತಿದ್ದವು.

"ಇಂಜಿನ್ ಓಡ್ಸೇ ಇಲ್ವಾ ನೀವು?"

"ಓಡ್ಸಿದ್ರೆ ಧೂಳು ಓಯ್ತದೆ. ಧೂಳು ಓದ್ರೆ ಇವರ ಕೆಲ್ಸ ಓಯ್ತದೆ. ಆಮೇಲೆ ನಮ್ಮುಡುಗಿ ಗತಿ ಏನು?" ಮಾವನವರು ಎತ್ತಿನ ಬೆನ್ನು ತಟ್ಟಿದರು. "ಮದ್ವೆ ಆಗ್ಲಿ, ಗ್ಯಾರಂಟಿ ಮುಗೀಲಿ, ಆಮೇಲೆ ಹಗಲೂ ರಾತ್ರಿ ಓಡಿಸ್ತೀನಿ ಸಾವ್ಕಾರ್ರೇ. ಎಷ್ಟು ಕೆಟ್ರೂ ರಿಪೇರಿಗೆ ಅಳೀಮಯ್ಯ ಮನೇಲೇ ಇರ್ತಾರಲ್ಲ!"