ಎಡಕ್ಕೆ ವಾಲುವ ವಿಮಾನ

ಮೂವತ್ತೊಂದು ವರ್ಷದ ಸಂಸಾರದಲ್ಲಿ ನಿನ್ನ ಗಂಡ ನಿನಗೆ ಕೊಟ್ಟ ಅತಿ ದೊಡ್ಡ ಕಷ್ಟ ಯಾವುದು ಎಂದು ಯಾರಾದರೂ ನನ್ನ ಹೆಂಡತಿ ಪೂಂಗೊಡಿಯನ್ನು ಕೇಳಿ ನೋಡಿ. ನಾನು ಮೂರು ಸಲ ಮನೆ ಬದಲಾಯಿಸಿದ್ದನ್ನು ಅವಳು ಹೇಳುವುದಿಲ್ಲ. ಅವಳ ತಂಗಿಯ ಮದುವೆಯಲ್ಲಿ ನಾನು ನಿದ್ದೆಹೋದದ್ದನ್ನೂ ಹೇಳುವುದಿಲ್ಲ. "ಕಂಪ್ಯೂಟರಲ್ಲಿ ಏರೋಪ್ಲೇನ್ ಬಿಟ್ರಲ್ಲ, ಅದು" ಎನ್ನುತ್ತಾಳೆ.

ಅದಕ್ಕೆ ಕಾರಣವಿದೆ. ಆ ಕಂಪ್ಯೂಟರ್ ನಮ್ಮ ಮಗಳು ಮದುವೆಯಾಗಿ ಹೋಗುವಾಗ ಬಿಟ್ಟುಹೋದದ್ದು. ಪೂಂಗೊಡಿ ದಿನಾ ಸಂಜೆ ಅದರಲ್ಲಿ ಎರಡು ಸೀರಿಯಲ್ ನೋಡುತ್ತಿದ್ದಳು. ನನ್ನ ವಾಯುಯಾನ ವಿದ್ಯಾಭ್ಯಾಸ ನಡೆದ ಇಪ್ಪತ್ತೆರಡು ದಿನ ಅವಳಿಗೆ ಸೀರಿಯಲ್ ಇಲ್ಲ. ಅಷ್ಟರಲ್ಲಿ ಒಂದರ ನಾಯಕಿಗೆ ಜ್ಞಾಪಕಶಕ್ತಿ ಹೋಗಿ, ಮತ್ತೆ ಬಂದೂಬಿಟ್ಟಿತ್ತು.

ಏರೋಪ್ಲೇನ್ ನನ್ನದಲ್ಲ, ಈಶ್ವರನದು. ಈಶ್ವರನ್ ಈಗ ಇಲ್ಲ.

ಸೇಲಂನ ಅಮ್ಮಾಪೇಟೆಯಲ್ಲಿ ಅವನ ಮಗ್ಗ, ನನ್ನ ಮಗ್ಗ ಒಂದೇ ಗೋಡೆಗೆ ಬೆನ್ನು ಕೊಟ್ಟು ಇಪ್ಪತ್ತಾರು ವರ್ಷ ಇದ್ದವು. ಗೋಡೆಯಾಚೆ ಅವನ ಲಾಳಿ ನಿಂತರೆ ಅವನು ಟೀ ಕುಡಿಯಲು ಎದ್ದಿದ್ದಾನೆ ಎಂದು ನನಗೆ ಗೊತ್ತಾಗುತ್ತಿತ್ತು. ಐವತ್ತೈದು ದಾಟಿದ ಮೇಲೆ ಅವನಿಗೆ ರಿಮೋಟಿನಲ್ಲಿ ಹಾರಿಸುವ ವಿಮಾನದ ಹುಚ್ಚು ಹಿಡಿಯಿತು. ರಿಮೋಟಿಗೆಂದು ಹಳೆಯ ಟ್ರಾನ್ಸ್‌ಮಿಟರ್ ಒಂದನ್ನು ಎಲ್ಲಿಂದಲೋ ತಂದ. ಒಂದೂವರೆ ವರ್ಷ ಕೂತು ಹಗುರ ಮರದಲ್ಲಿ, ನಾಲ್ಕೂವರೆ ಅಡಿ ರೆಕ್ಕೆಯ ಹಳದಿ ವಿಮಾನ ಕಟ್ಟಿದ. ಅವನ ಹೆಂಡತಿ ಶಶಿಕಲಾ ದಿನಾ ರೇಗುತ್ತಿದ್ದಳು. ಕೊನೆಗೊಂದು ದಿನ, "ಇದೂ ಹಾರಲ್ಲ, ನೀವೂ ಹಾರ್ಸಲ್ಲ" ಎಂದಿದ್ದಳು. ಅದಾಗಿ ನಾಲ್ಕು ದಿನಕ್ಕೆ, ತಮಿಳರ ಮಾಸಿ ತಿಂಗಳ ಒಂದು ಬೆಳಗ್ಗೆ, ಗೋಡೆಯಾಚೆ ಲಾಳಿ ನಿಂತಿತು. ಟೀಗೆ ಎದ್ದಿರಬೇಕು ಎಂದುಕೊಂಡು ನಾನು ನೇಯುತ್ತಲೇ ಇದ್ದೆ.

ವರ್ಷದ ತಿಥಿಗೆ ಒಂದು ತಿಂಗಳಿದೆ ಎನ್ನುವಾಗ ಶಶಿಕಲಾ ವಿಮಾನವನ್ನೂ ಟ್ರಾನ್ಸ್‌ಮಿಟರನ್ನೂ ಹೊತ್ತು ನಮ್ಮ ಮನೆಗೆ ಬಂದಳು.

"ಅಣ್ಣ, ತಿಥಿ ಆದ್ಮೇಲೆ ಇದನ್ನ ಒಂದೇ ಒಂದ್ಸಲ ಹಾರಿಸಿಬಿಡಿ. ಹಾರ್ತದೋ ಇಲ್ವೋ ನಾನು ಕಣ್ಣಲ್ಲಿ ನೋಡ್ಬೇಕು. ಆ ಮಾತು ಹೇಳಿಬಿಟ್ಟಿದೀನಲ್ಲ."

ನಾನು ಆಗಲೆಂದೆ. (ಹಿಂದೆ ನಿಂತಿದ್ದ ಪೂಂಗೊಡಿ ಬೇಡವೆಂದು ತಲೆಯಾಡಿಸುತ್ತಿದ್ದಳಂತೆ. ನನಗೆ ಬೆನ್ನಲ್ಲಿ ಕಣ್ಣಿಲ್ಲ.)

ಗಾಳಿಪಟ ಕೂಡ ಹಾರಿಸಿ ಗೊತ್ತಿಲ್ಲದವನು ನಾನು. ಕಂಪ್ಯೂಟರ್ ರಿಪೇರಿಯ ಚಿನ್ನರಾಜನನ್ನು ಕೇಳಿದೆ. ಅವನು, "ಮೊದಲು ಸಿಮ್ಯುಲೇಟರಲ್ಲಿ ಕಲೀರಿ ಅಣ್ಣೇ. ಈ ರಿಮೋಟನ್ನೇ ಕಂಪ್ಯೂಟರಿಗೆ ಕನೆಕ್ಟ್ ಮಾಡ್ಬೋದು. ಪರದೆ ಮೇಲೆ ಎಷ್ಟ್ ಸಲ ಬಿದ್ರೂ ಪರವಾಯಿಲ್ಲೆ, ಮುರಿಯೋದು ಏನೂ ಇಲ್ಲ" ಎಂದ. ಮುರಿಯುವುದು ಏನೂ ಇಲ್ಲ ಎಂದವನು ನನ್ನ ಸಂಸಾರವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಕೇಬಲ್ ಬಂತು. ಒಂದು ತುದಿ ಟ್ರಾನ್ಸ್‌ಮಿಟರಿನ ಬೆನ್ನಿಗೆ, ಇನ್ನೊಂದು ತುದಿ ಕಂಪ್ಯೂಟರಿಗೆ. ನೋಡಲು ಇಷ್ಟೇ. ಮೊದಲ ಎರಡು ದಿನ ಕಂಪ್ಯೂಟರು ನಮ್ಮ ಟ್ರಾನ್ಸ್‌ಮಿಟರನ್ನು ಗುರುತೇ ಹಿಡಿಯಲಿಲ್ಲ. ಮೂರನೆಯ ದಿನ ಹಿಡಿಯಿತು, ಆದರೆ ಎಲ್ಲ ಅದಲುಬದಲು: ಇಂಜಿನ್ ಜೋರು ಮಾಡಿದರೆ ಬಾಲ ತಿರುಗುತ್ತದೆ, ಮೇಲಕ್ಕೇರಿಸಿದರೆ ಇಂಜಿನ್ ನಿಲ್ಲುತ್ತದೆ.

"ನಮ್ಮನೇಲಿ ಎಲ್ಲಾ ಇಂಗೇನೆ" ಎಂದಳು ಪೂಂಗೊಡಿ ಅಡುಗೆಮನೆಯಿಂದ. "ಉಪ್ಪು ತನ್ನಿ ಅಂದ್ರೆ ಪೇಪರ್ ತರೋರು ಕನೆಕ್ಟ್ ಮಾಡಿದ್ರೆ ಇನ್ನೇನಾಗ್ತದೆ?"

ಚಿನ್ನರಾಜ್ ಬಂದು ಟ್ರಾನ್ಸ್‌ಮಿಟರಿನ ಯಾವ ಕಡ್ಡಿಗೆ ಯಾವ ಕೆಲಸವೆಂದು ಕಂಪ್ಯೂಟರಿಗೆ ಹೇಳಿಕೊಟ್ಟ. ಪರದೆಯ ಮೇಲೆ ಹಸಿರು ಮೈದಾನದಿಂದ ವಿಮಾನ ಎದ್ದಿತು. ಎದ್ದದ್ದೇ ಎಡಕ್ಕೆ ವಾಲಿ, ಒಂದು ಸುತ್ತು ಹೊಡೆದು, ಮಣ್ಣು ಮುಕ್ಕಿತು. ಇನ್ನೊಮ್ಮೆ ಬಿಟ್ಟರೂ ಅದೇ.

ಚಿನ್ನರಾಜ್ ಟ್ರಾನ್ಸ್‌ಮಿಟರನ್ನು ನೋಡಿದ. ಬಲಗಡೆಯ ಕಡ್ಡಿಯ ಕೆಳಗೆ, ಅಡ್ಡಲಾಗಿ ಜಾರುವ ಒಂದು ಪುಟ್ಟ ಗುಂಡಿ. "ಇದು ಟ್ರಿಮ್ಮು. ಎಡಕ್ಕೆ ಸರಿದಿರೋದ್ರಿಂದ ವಾಲ್ತಾ ಐತೆ. ನಡುವಿಗೆ ತಂದು ಒಂದ್ಸಲ ಕ್ಯಾಲಿಬ್ರೇಟ್ ಮಾಡಿದ್ರೆ ಮುಗೀತು."

ನಾನು ಅವನ ಕೈ ಹಿಡಿದುಕೊಂಡೆ.

"ಮುಟ್ಟಬೇಡ. ಅದು ಈಶ್ವರನ್ ಇಟ್ಟದ್ದು."

ನೇಕಾರರಲ್ಲದವರಿಗೆ ಇದನ್ನು ವಿವರಿಸಬೇಕು. ನಮ್ಮ ಬೀದಿಯಲ್ಲಿ ಒಬ್ಬನು ತೀರಿಕೊಂಡಾಗ ಅವನ ಮಗ್ಗದಲ್ಲಿ ಅರ್ಧ ಸೀರೆ ಉಳಿದಿದ್ದರೆ ಅದನ್ನು ಕತ್ತರಿಸುವುದಿಲ್ಲ, ಗೆಳೆಯನೊಬ್ಬ ಕೂತು ನೆಯ್ದು ಮುಗಿಸುತ್ತಾನೆ. ಮುಗಿಯುವ ತನಕ ಹಗ್ಗದ ಬಿಗಿಯನ್ನಾಗಲಿ ಕಾಲಲ್ಲಿ ಒತ್ತುವ ತುಳಿಗೆಯ ಎತ್ತರವನ್ನಾಗಲಿ ತನ್ನ ಅನುಕೂಲಕ್ಕೆ ಬದಲಾಯಿಸುವ ಹಾಗಿಲ್ಲ. ಈಶ್ವರನ ಕೊನೆಯ ಸೀರೆಯನ್ನು ಹಾಗೆ ಮುಗಿಸಿದವನು ನಾನೇ. ಅವನ ಮಗ್ಗವೂ ಎಡಗಡೆ ಒಂದಿಷ್ಟು ಬಿಗಿ. ಹನ್ನೊಂದು ದಿನ ಅದರ ಮುಂದೆ ಕೂತದ್ದಕ್ಕೆ ಅವನ ಕೈಯ ಅಭ್ಯಾಸ ನನ್ನ ತೋಳಿಗೆ ನೋವಾಗಿ ಇಳಿದಿತ್ತು. ಈ ಗುಂಡಿಯೂ ಎಡಕ್ಕಿತ್ತು. ಅದೇ ಕೈ ಎಂದುಕೊಂಡೆ.

"ಅಂಗಾದ್ರೆ ದಿನಾ ಬೀಳ್ತೀರ" ಎಂದ ಚಿನ್ನರಾಜ್.

"ಬೀಳ್ತೀನಿ."

ದಿನಾ ಬಿದ್ದೆ. ಆಮೇಲೆ, ಬಲಗೈಯ ಕಡ್ಡಿಯನ್ನು ಸದಾ ಕೊಂಚ ಬಲಕ್ಕೆ ಒತ್ತಿ ಹಿಡಿದರೆ ವಿಮಾನ ನೇರವಾಗಿ ಹೋಗುತ್ತದೆ ಎಂದು ಕಂಡುಕೊಂಡೆ. ಹನ್ನೆರಡನೆಯ ದಿನಕ್ಕೆ ಒಂದು ಸುತ್ತು ಹಾಕಿದೆ. ಹದಿನೆಂಟನೆಯ ದಿನಕ್ಕೆ ಇಳಿಸಿದೆ. ಬಲಕ್ಕೆ ಒತ್ತಿ ಒತ್ತಿ ನನ್ನ ಕುತ್ತಿಗೆಯೂ ಬಲಕ್ಕೆ ವಾಲಿತು.

"ಏನ್ರಿ, ಅನ್ನ ತಿನ್ನುವಾಗಾದ್ರೂ ನೆಟ್ಟಗೆ ಕೂತ್ಕಳಿ. ಸಾಂಬಾರು ಎಲೆಯಿಂದ ಆಚೆ ಓಗ್ತಾ ಐತೆ."

"ಇದು ಸ್ನೇಹದ ವಿಷಯ. ನಿನಗೆ ಅರ್ಥವಾಗಲ್ಲ."

"ಸ್ನೇಹ ಎದೇಲಿರ್ಲಿ, ಕುತ್ತಿಗೇಲಿ ಬೇಡ" ಎಂದಳು. ಆದರೂ ಮಲಗುವ ಮುಂಚೆ ತೈಲ ಬಿಸಿ ಮಾಡಿ ತಂದು ತಿಕ್ಕಿದಳು. ತಿಕ್ಕುತ್ತಾ, "ಈಶ್ವರಣ್ಣ ಇದ್ದಿದ್ರೆ ನಿಮ್ಮನ್ನ ನೋಡಿ ಎಷ್ಟು ನಗೋರು" ಎಂದಳು.

ತಿಥಿ ಮುಗಿದ ಮೇಲಿನ ಭಾನುವಾರ ಮೂವರೂ ಧರ್ಮಪುರಿ ಬಸ್ಸು ಹತ್ತಿದೆವು. ಅದಿಯಮಾನ್‌ಕೋಟೆಯ ಹತ್ತಿರ ಶಶಿಕಲಾಳ ತವರು. ಅಲ್ಲಿ ಬತ್ತಿದ ಕೆರೆಯಂಗಳ ವಿಮಾನಕ್ಕೆ ಸರಿಯೆಂದು ಅವಳೇ ಹೇಳಿದ್ದಳು. ಕಂಡಕ್ಟರ್ ನನ್ನ ಮಡಿಲಲ್ಲಿದ್ದ ರೆಕ್ಕೆಗಳನ್ನು ನೋಡಿ, ಇದಕ್ಕೂ ಟಿಕೆಟ್ ಆಗಬೇಕೆಂದ.

"ಇದು ಏರೋಪ್ಲೇನಪ್ಪ!"

"ರೆಕ್ಕೆ ಇರೋ ಕೋಳಿಗೂ ನಾವು ಟಿಕೆಟ್ ಹಾಕ್ತೀವಿ ಸಾರ್. ಹಾರೋದಾದ್ರೆ ಅದು ಬಸ್ಸಲ್ಲಿ ಯಾಕೆ ಬರ್ತದೆ?"

ಶಶಿಕಲಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಹಾರುತ್ತದೋ ಇಲ್ಲವೋ ಎಂಬುದು ಅವಳಿಗೆ ತಮಾಷೆಯಾಗಿರಲಿಲ್ಲ.

ಕೆರೆಯಂಗಳದಲ್ಲಿ ಗಾಳಿಯೇ ಇರಲಿಲ್ಲ. ರೆಕ್ಕೆ ಜೋಡಿಸಿದೆ, ಬ್ಯಾಟರಿ ಹಾಕಿದೆ, ಟ್ರಾನ್ಸ್‌ಮಿಟರಿನ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡೆ. ವಿಮಾನ ಮೊದಲೇ ಓಡದಂತೆ ಪೂಂಗೊಡಿ ಅದರ ಬಾಲ ಹಿಡಿದು ಕೂತಳು. ಶಶಿಕಲಾ ಹತ್ತಿರ ಬಂದು ನನ್ನ ಕೈಯಲ್ಲಿದ್ದುದನ್ನು ಬಗ್ಗಿ ನೋಡಿದಳು.

"ಈ ಗುಂಡಿ ಯಾಕಣ್ಣ ಓರೆ ಐತೆ?"

"ಈಶ್ವರನ್ ಹಾಗೆ ಇಟ್ಟಿದ್ದನಮ್ಮ. ನಾನು ಕದಲಿಸಿಲ್ಲ."

"ಅವರಾ? ಇದು ನಟ್ಟನಡುವೆ ಇರ್ಬೇಕು ಅಂತ ಪೆನ್ಸಿಲಲ್ಲಿ ಗೀಟು ಹಾಕಿದಾರಲ್ಲ, ಇಲ್ಲಿ ನೋಡಿ. ನಾನು ಧೂಳು ಒರೆಸೋಕೆ ಹೋದ್ರೂ ಕೈ ಮೇಲೆ ಒಂದೇಟು ಕೊಡೋರು."

ನೋಡಿದೆ. ನಡುವಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಇತ್ತು. ಬಾಲದ ಕಡೆಯಿಂದ ಪೂಂಗೊಡಿಯ ದನಿ ಕೇಳಿತು, ಎಂದಿಗಿಂತ ಮೆಲ್ಲಗೆ.

"ಏನ್ರಿ... ಅದು ಮನೆಗೆ ಬಂದ ದಿನ ನಾನು ಒದ್ದೆ ಬಟ್ಟೇಲಿ ಚೆನ್ನಾಗಿ ಒರೆಸಿದ್ದೆ. ಆ ಗೆರೆ ಎಷ್ಟ್ ತಿಕ್ಕಿದ್ರೂ ಓಗ್ಲೇ ಇಲ್ಲ."

ಇಪ್ಪತ್ತೆರಡು ದಿನ ಕುತ್ತಿಗೆ ಓರೆ ಮಾಡಿಕೊಂಡು ನಾನು ಕಾಪಾಡಿದ್ದು ಪೂಂಗೊಡಿಯ ಒರೆಸುವ ಬಟ್ಟೆ ಸರಿಸಿದ್ದನ್ನು!

ಶಶಿಕಲಾ ಗುಂಡಿಯನ್ನು ಒಂದು ಬೆರಳಲ್ಲಿ ಗೆರೆಯ ಮೇಲಕ್ಕೆ ತಂದಳು. "ಈಗ ಬಿಡಿ ಅಣ್ಣ."

ಇಂಜಿನ್ ಜೋರು ಮಾಡಿದೆ. ವಿಮಾನ ಕೆರೆಯ ಒಣ ಮಣ್ಣಿನ ಮೇಲೆ ಕುಪ್ಪಳಿಸುತ್ತಾ ಓಡಿ ಎದ್ದಿತು. ಹುಷಾರಾಗಿ ಹಾರಿಸುವೆನೆಂದು ನಾನು ಮನಸ್ಸಿನಲ್ಲಿ ಎಷ್ಟೇ ಹೇಳಿಕೊಂಡರೂ ಕೈಗೆ ಕೇಳಿಸಬೇಕಲ್ಲ. ಅದು ತಾನು ಕಲಿತಂತೆ ಬಲಕ್ಕೆ ಒತ್ತಿತು. ವಿಮಾನ ಬಲಕ್ಕೆ ಮಗುಚಿತು. ಗಾಬರಿಯಲ್ಲಿ ಇನ್ನಷ್ಟು ಒತ್ತಿದೆ. ಹಳದಿ ರೆಕ್ಕೆ ನೆಟ್ಟಗೆ ನಿಂತು, ಕೆರೆ ಏರಿಯ ಹುಣಸೆಮರದ ಕಡೆಗೆ ಜಾರತೊಡಗಿತು.

"ಬಲಗೈ ಬಿಡಿ ಅಣ್ಣ!" ಶಶಿಕಲಾ ಕೂಗಿದಳು. "ಬಿಟ್ಬಿಡಿ! ಬಿಟ್ರೆ ತಾನೇ ಸರಿಯಾಗ್ತದೆ ಅಂತ ಅವರು ದಿನಾ ಹೇಳೋರು, ಬಿಡಿ!"

ಬಿಟ್ಟೆ.

ವಿಮಾನ ಒಮ್ಮೆ ತೂಗಿತು. ಆಮೇಲೆ ಯಾರೋ ಹೆಗಲು ಹಿಡಿದು ನೆಟ್ಟಗೆ ಕೂರಿಸಿದ ಹಾಗೆ ಸಮವಾಗಿ, ಮರದ ನೆತ್ತಿಯ ಮೇಲೆ ಹಾದು, ಬಿಸಿಲಿಗೆ ಹೋಯಿತು. ಯಾರ ಕೈಯೂ ಇಲ್ಲದೆ. ಅಷ್ಟು ಸರಿಯಾಗಿ ಕಟ್ಟಿದ್ದ ನನ್ನ ಗೆಳೆಯ.

ಶಶಿಕಲಾ ಹಣೆಗೆ ಅಂಗೈ ಅಡ್ಡ ಹಿಡಿದು ನೋಡುತ್ತಿದ್ದಳು. "ಹಾರ್ತಾ ಐತೆ ಕಣ್ರಿ" ಎಂದಳು. ನನಗಲ್ಲ. ನನ್ನನ್ನು ಅವಳು ಯಾವತ್ತೂ ಕಣ್ರಿ ಎಂದವಳಲ್ಲ.

ಇಳಿಸಿದ್ದು ಮಾತ್ರ ನಾನೇ ಎಂದು ಹೇಳಿಕೊಳ್ಳಬಹುದು. ಮೈದಾನ ಅಷ್ಟಿದ್ದರೂ ಪಕ್ಕದ ಮರಗೆಣಸಿನ ಹೊಲದಲ್ಲಿ ಇಳಿಸಿದೆ. ಶಶಿಕಲಾ ಸೀರೆ ಎತ್ತಿ ಕಟ್ಟಿ ಓಡಿಹೋಗಿ ಅದನ್ನು ಎದೆಗವಚಿಕೊಂಡು ಬಂದಳು. ಒಂದು ಚಕ್ರ ಸೊಟ್ಟಗಾಗಿತ್ತು, ಅದನ್ನು ತಾನೇ ಬಗ್ಗಿಸಿ ಸರಿಮಾಡಿದಳು. ಮುಖವೆಲ್ಲ ಒದ್ದೆ, ಆದರೆ ನಗುತ್ತಿದ್ದಳು.

"ಅದನ್ನ ಇತ್ತ ಕೊಡಿ ಅಣ್ಣ. ಇನ್ನೊಂದ್ಸಲ ನಾನೇ ಬಿಡ್ತೀನಿ."

"ನೀನಾ? ಇದಕ್ಕೆಲ್ಲ ಕಲಿತಿರಬೇಕಮ್ಮ. ನಾನು ಇಪ್ಪತ್ತೆರಡು ದಿನ—"

"ಕೈ ಬಿಡೋದು ತಾನೇ ಅಣ್ಣ? ಅದನ್ನ ನಾನು ಒಂದು ವರ್ಷದಿಂದ ಕಲೀತಾ ಇದೀನಿ."

ನಾನು ಪಟ್ಟಿಯನ್ನು ಕುತ್ತಿಗೆಯಿಂದ ತೆಗೆದು ಅವಳ ಕೊರಳಿಗೆ ಹಾಕಿದೆ. ಪೂಂಗೊಡಿ ಸೀರೆಗಂಟಿದ ಮಣ್ಣು ಕೊಡವಿಕೊಂಡು ಎದ್ದು, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನಿಂತ್ಕಂಡು ಏನ್ ನೋಡ್ತೀರ? ಓಗಿ ಬಾಲ ಇಡ್ಕಳಿ."

ಹೋಗಿ ಹಿಡಿದುಕೊಂಡೆ.